ಸುಮ್ಮನಿರುವ ಗಂಟು, ಕೆರಳುವ ಗಂಟು

ದಿಂಬಂ ಘಟ್ಟವನ್ನಿಳಿದು, ಸತ್ಯಮಂಗಲವನ್ನು ಹಾದು ದಕ್ಷಿಣಕ್ಕೆ ಸಾಗಿದ ಕನ್ನಡಿಗನಿಗೆ ಕೊಯಮತ್ತೂರು ಸೀಮೆ ಪರನಾಡೆಂದು ತೋರುವುದಿಲ್ಲ. 1799ರವರೆಗೆ ಮೈಸೂರಿನ ಆಳಿಕೆಗೆ ಒಳಪಟ್ಟಿದ್ದ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಕೊಳ್ಳೇಗಾಲವನ್ನು ತನ್ನ ಜಿಲ್ಲೆಯ ಎಲ್ಲೆಯೊಳಗೆ ಇರಿಸಿಕೊಂಡಿದ್ದ ಆ ನಾಡಿನಲ್ಲಿ, 2009ರಲ್ಲಿ ಅದರಿಂದ ಬೇರ್ಪಟ್ಟ ತಿರುಪ್ಪೂರು ಜಿಲ್ಲೆಯನ್ನೂ ಸೇರಿಸಿಕೊಂಡು ನೋಡಿದರೆ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ದೇವಾಂಗ ನೇಕಾರರ ಮನೆತನಗಳು ಇಂದಿಗೂ ಹಲವುಂಟು. ಬೀದಿಯಲ್ಲಿ ತಮಿಳನ್ನೂ ಒಲೆಯ ಮುಂದೆ ಕನ್ನಡವನ್ನೂ ಆಡುವ ಆ ಮನೆಗಳ ಜಗಲಿಯ ಮೇಲೆ, ಸಂಜೆಯ ಹೊತ್ತು, ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವುಗಳ ವಿಚಾರ ಯಾವ ಸಂಕೋಚವೂ ಇಲ್ಲದೆ ನಡೆಯುತ್ತದೆ. ಮೂತ್ರದ ಮಾತು ಮಾತ್ರ ಅಲ್ಲಿ ಬಾಯಿಗೆ ಬಾರದು. ಅರುವತ್ತು ದಾಟಿದ ಗಂಡಸು ರಾತ್ರಿ ನಾಲ್ಕೈದು ಸಲ ಒಂದಕ್ಕೆಂದು ಎದ್ದು ಹಿತ್ತಲ ಕಡೆ ಹೋಗಿಬರುವುದನ್ನು ಹೆಂಡತಿ ಬಲ್ಲಳು, ಸೊಸೆ ಬಲ್ಲಳು, ಆದರೆ ಯಾರೂ ಕೇಳುವುದಿಲ್ಲ, ಆತನೂ ಹೇಳುವುದಿಲ್ಲ.

ಈ ಮೌನ ಕೊಯಮತ್ತೂರಿನ ನೇಕಾರನೊಬ್ಬನದೇ ಅಲ್ಲ, ಬೆಂಗಳೂರಿನ ಗುಮಾಸ್ತನದೂ ಮಂಡ್ಯದ ರೈತನದೂ ಹೌದು. ಅದರ ಮರೆಯಲ್ಲಿ ಅಡಗಿರಬಹುದಾದ ರೋಗಗಳಲ್ಲಿ ಒಂದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಜಗತ್ತಿನಾದ್ಯಂತ 14 ಲಕ್ಷ 66 ಸಾವಿರ ಗಂಡಸರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 3 ಲಕ್ಷ 97 ಸಾವಿರ ಮಂದಿ ಅದರಿಂದ ಮಡಿದರು. 2024ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ಆಯೋಗದ ವರದಿಯು, 2020ರಲ್ಲಿ 14 ಲಕ್ಷವಾಗಿದ್ದ ವಾರ್ಷಿಕ ರೋಗಿಗಳ ಸಂಖ್ಯೆ 2040ರ ವೇಳೆಗೆ 29 ಲಕ್ಷಕ್ಕೆ ಏರುವುದೆಂದೂ, ಆ ಏರಿಕೆಯ ಭಾರವನ್ನು ಹೆಚ್ಚಾಗಿ ಹೊರಬೇಕಾದವು ನಮ್ಮಂತಹ ದೇಶಗಳೆಂದೂ ಎಚ್ಚರಿಸಿದೆ. ಆಯುಸ್ಸು ಬೆಳೆದಂತೆಲ್ಲ ಬೆಳೆಯುವ ರೋಗವಿದು; ಹಿಂದೆ ಐವತ್ತಕ್ಕೆ ಸಾಯುತ್ತಿದ್ದವರು ಇಂದು ಎಪ್ಪತ್ತೈದರವರೆಗೆ ಬದುಕುತ್ತಿರುವಾಗ, ಅಂದು ಕಾಣದಿದ್ದುದು ಇಂದು ಕಾಣುವುದು ಸಹಜವಷ್ಟೆ.

ಈ ರೋಗವನ್ನು ಕುರಿತ ಪ್ರಕಟಿತ ಸಂಶೋಧನೆಗಳ ನಡುವೆ ಕನ್ನಡಿಗರ ಕಣ್ಣನ್ನು ತಟ್ಟನೆ ಸೆಳೆಯುವ ಹೆಸರೊಂದಿದೆ: ಸೂರ್ಯನಾರಾಯಣ ವಾರಂಬಳ್ಳಿ. ಬ್ರಹ್ಮಾವರದ ಮಗ್ಗುಲಿನ ಊರೊಂದರ ಹೆಸರನ್ನು ತಮ್ಮ ಹೆಸರಿನಲ್ಲಿ ಧರಿಸಿರುವ ಈ ವಿಜ್ಞಾನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿಯೂ ಅನಂತರ ಬರ್ಮಿಂಗ್‌ಹ್ಯಾಮ್ ನಗರದ ಅಲಬಾಮಾ ವಿಶ್ವವಿದ್ಯಾಲಯದಲ್ಲಿಯೂ ಕೆಲಸಮಾಡಿ ಬರೆದ ಪ್ರಬಂಧಗಳು, ಒಂದೇ ಒಂದು ಪ್ರಶ್ನೆಯ ಸುತ್ತ ತಿರುಗುತ್ತವೆಂದು ನನಗೆ ತೋರಿದೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಗಂಟುಗಳಲ್ಲಿ ಯಾವುದು ಇದ್ದಲ್ಲಿಯೇ ಸುಮ್ಮನಿದ್ದು ಮನುಷ್ಯನೊಡನೆ ಮುದಿಯಾಗುತ್ತದೆ, ಯಾವುದು ಕೆರಳಿ ಎಲುಬಿಗೆ ಹಬ್ಬಿ ಕೊಲ್ಲುತ್ತದೆ ಎಂಬುದೇ ಆ ಪ್ರಶ್ನೆ. ಪ್ರಶ್ನೆಯ ಹಿರಿಮೆ ಅರಿವಾಗಬೇಕಾದರೆ ಮೊದಲು ಗ್ರಂಥಿಯ ವಿಚಾರವನ್ನು ಕೊಂಚ ತಿಳಿಯಬೇಕು.

ಮೂತ್ರಕೋಶದ ಬುಡದಲ್ಲಿ, ಮೂತ್ರನಾಳದ ಆರಂಭವನ್ನು ಸುತ್ತುವರಿದು ಕುಳಿತಿರುವ ಈ ಗ್ರಂಥಿ ಯೌವನದಲ್ಲಿ ತೂಗುವುದು ಸುಮಾರು 20 ಗ್ರಾಂ. ವೀರ್ಯದ ದ್ರವಾಂಶದಲ್ಲಿ ಒಂದು ಪಾಲನ್ನು ಸ್ರವಿಸುವುದು ಅದರ ಕೆಲಸ. ವಯಸ್ಸು ಏರಿದಂತೆ ಅದರ ಒಳಭಾಗ ಹಿಗ್ಗಿ ಮೂತ್ರನಾಳವನ್ನು ಅಮುಕುವುದುಂಟು. ಆಗ ಧಾರೆ ಸಣ್ಣದಾಗುತ್ತದೆ, ತೊಟ್ಟಿಕ್ಕುತ್ತದೆ, ಪೂರ್ತಿ ಹೋಯಿತೆಂಬ ಸಮಾಧಾನ ಸಿಗದು. ಈ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ಮೊದಲ ಮೆಟ್ಟಿಲೂ ಅಲ್ಲ. ಕ್ಯಾನ್ಸರು ಬಹುಮಟ್ಟಿಗೆ ತಲೆಯೆತ್ತುವುದು ಗ್ರಂಥಿಯ ಹೊರ ಅಂಚಿನಲ್ಲಿ, ಗುದನಾಳಕ್ಕೆ ತಾಗಿಕೊಂಡ ಭಾಗದಲ್ಲಿ; ಮೂತ್ರನಾಳದಿಂದ ದೂರವಿರುವ ಕಾರಣ ಅದು ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಹೀಗಾಗಿ ತೊಂದರೆ ಕೊಡುವುದು ಹೆಚ್ಚಾಗಿ ನಿರಪಾಯಕರವಾದುದು, ತೊಂದರೆ ಕೊಡದಿರುವುದು ಕೆಲವೊಮ್ಮೆ ಅಪಾಯಕರವಾದುದು. ವೈದ್ಯನು ಕೈಗವಸು ತೊಟ್ಟ ಬೆರಳಿನಿಂದ ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆ ಇಂದಿಗೂ ಬಳಕೆಯಲ್ಲಿರುವುದು ಇದಕ್ಕಾಗಿಯೇ; ಮೆತ್ತಗಿರಬೇಕಾದೆಡೆ ಗಡುಸು ಗಂಟು ಸಿಕ್ಕಿದರೆ ಆ ಬೆರಳಿಗೆ ತಿಳಿಯುತ್ತದೆ.

1853ರಲ್ಲಿ ಲಂಡನ್ ಆಸ್ಪತ್ರೆಯ ಶಸ್ತ್ರವೈದ್ಯ ಆಡಮ್ಸ್ ಎಂಬಾತ ಸೂಕ್ಷ್ಮದರ್ಶಕದ ನೆರವಿನಿಂದ ಈ ರೋಗವನ್ನು ಮೊದಲಿಗೆ ಗುರುತಿಸಿ ವರ್ಣಿಸಿದಾಗ ಅದನ್ನು ಅತ್ಯಂತ ವಿರಳವಾದ ವ್ಯಾಧಿಯೆಂದು ಕರೆದನು. ವಿರಳವೆಂಬ ಆ ತೀರ್ಪು ನೂರು ವರ್ಷ ತುಂಬುವುದರೊಳಗೆ ತಲೆಕೆಳಗಾಯಿತು. ಬೇರಾವುದೋ ಕಾರಣದಿಂದ ಸತ್ತ ವೃದ್ಧರ ಶವಪರೀಕ್ಷೆಗಳಲ್ಲಿ, ಬದುಕಿದ್ದಾಗ ಯಾವ ಸುಳಿವನ್ನೂ ಕೊಡದ ಸಣ್ಣ ಸಣ್ಣ ಪ್ರಾಸ್ಟೇಟ್ ಕ್ಯಾನ್ಸರುಗಳು ಕಾಣಿಸಿಕೊಳ್ಳತೊಡಗಿದವು. 1954ರಲ್ಲಿ ಫ್ರಾಂಕ್ಸ್ ಎಂಬ ರೋಗವಿಜ್ಞಾನಿ ಇದನ್ನು ವಿಸ್ತಾರವಾಗಿ ಬರೆದನು. ಎಂಬತ್ತನ್ನು ಮುಟ್ಟಿದವರಲ್ಲಿ ಅರ್ಧಕ್ಕೂ ಮಿಕ್ಕು ಮಂದಿಯ ಗ್ರಂಥಿಯಲ್ಲಿ ಅಂತಹ ಗಂಟು ಇರುತ್ತದೆಂದು ಈಚಿನ ಲೆಕ್ಕಗಳು ಹೇಳುತ್ತವೆ. ಕ್ಯಾನ್ಸರೆಂಬ ಹೆಸರು ಒಂದೇ, ಆದರೆ ಆ ಹೆಸರಿನಡಿಯಲ್ಲಿ ಎರಡು ಬೇರೆ ಬೇರೆ ವಿಧಿಗಳು ಅಡಗಿವೆ ಎಂಬುದು ಅಂದಿನಿಂದಲೇ ವೈದ್ಯರನ್ನು ಕಾಡುತ್ತ ಬಂದಿದೆ.

ಚಿಕಿತ್ಸೆಯ ಇತಿಹಾಸದಲ್ಲಿ ದೊಡ್ಡ ತಿರುವು ಬಂದುದು 1941ರಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್, ತನ್ನ ಶಿಷ್ಯ ಹಾಡ್ಜಸನೊಡನೆ ಸೇರಿ, ಎಲುಬಿಗೆ ಹಬ್ಬಿದ ರೋಗದಿಂದ ನರಳುತ್ತಿದ್ದವರ ವೃಷಣಗಳನ್ನು ತೆಗೆದಾಗ ಅಥವಾ ಸ್ತ್ರೀಹಾರ್ಮೋನನ್ನು ಕೊಟ್ಟಾಗ ರೋಗ ಹಿಮ್ಮೆಟ್ಟುವುದನ್ನು ತೋರಿಸಿದನು. ನೋವಿನಿಂದ ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ ಪ್ರಸಂಗಗಳು ಅಂದಿನ ವೈದ್ಯಲೋಕವನ್ನು ಬೆರಗುಗೊಳಿಸಿದವು. ಕ್ಯಾನ್ಸರು ಸ್ವತಂತ್ರವಾಗಿ ಬೆಳೆಯುವ ದೈತ್ಯವೆಂಬ ನಂಬಿಕೆ ಅಲ್ಲಿಗೆ ಮುರಿಯಿತು. ಅದು ದೇಹದ ಪುರುಷಹಾರ್ಮೋನನ್ನು ಉಂಡು ಬೆಳೆಯುತ್ತದೆ, ಉಣಿಸನ್ನು ನಿಲ್ಲಿಸಿದರೆ ಬಾಡುತ್ತದೆ ಎಂದು ಸಿದ್ಧವಾಯಿತು. 1966ರಲ್ಲಿ ಹಗಿನ್ಸನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಜಯ ಪೂರ್ಣವಲ್ಲ. ಒಂದೆರಡು ವರ್ಷಗಳೋ ಕೆಲವರಲ್ಲಿ ಇನ್ನೂ ಹೆಚ್ಚು ಕಾಲವೋ ಅಡಗಿದ್ದ ರೋಗ, ಹಾರ್ಮೋನಿನ ಹಂಗನ್ನು ತೊರೆದು ಮತ್ತೆ ತಲೆಯೆತ್ತುತ್ತದೆ. ಆ ಎರಡನೆಯ ಅವತಾರವೇ ಸಾವಿಗೆ ಕಾರಣವಾಗುವುದು.

ಇನ್ನೊಂದು ತಿರುವು ರಕ್ತಪರೀಕ್ಷೆಯದು. ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ, ಪಿಎಸ್‌ಎ ಎಂದು ಕರೆಯಲಾಗುವ ಪ್ರೋಟೀನನ್ನು 1979ರಲ್ಲಿ ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದರ ಪರೀಕ್ಷೆಗೆ ಆ ದೇಶದಲ್ಲಿ 1986ರಲ್ಲಿ ರೋಗಿಗಳ ಮೇಲ್ವಿಚಾರಣೆಗೂ 1994ರಲ್ಲಿ ರೋಗದ ಪತ್ತೆಗೂ ಸಮ್ಮತಿ ಸಿಕ್ಕಿತು. ಪರಿಣಾಮವಾಗಿ ಲಕ್ಷಾಂತರ ಮಂದಿಯಲ್ಲಿ ಸಣ್ಣ ಗಂಟುಗಳು ಸಿಕ್ಕಿಬಿದ್ದವು, ಅವರಲ್ಲಿ ಬಹಳ ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು, ಮೂತ್ರದ ಹಿಡಿತವನ್ನೋ ದಾಂಪತ್ಯಸುಖವನ್ನೋ ಕಳೆದುಕೊಂಡರು. ಆದರೆ ಅವರಲ್ಲಿ ಎಷ್ಟೋ ಜನರ ಗಂಟು ಮುಟ್ಟದಿದ್ದರೂ ಕೊಲ್ಲುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರಿನ 1643 ಮಂದಿಯನ್ನು ಮೂರು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ವಿಕಿರಣ, ಮತ್ತೊಂದಕ್ಕೆ ಬರಿಯ ಎಚ್ಚರದ ನಿಗಾ ಎಂದು ಗೊತ್ತುಮಾಡಿ ನಡೆಸಿದ ಅಧ್ಯಯನದ ಫಲ 2023ರಲ್ಲಿ ಹೊರಬಿತ್ತು: ಸರಾಸರಿ 15 ವರ್ಷಗಳ ಬಳಿಕ ಈ ರೋಗದಿಂದ ಸತ್ತವರು ಎಲ್ಲ ಗುಂಪುಗಳಲ್ಲೂ ಕೂಡಿ 45 ಮಂದಿ, ಎಂದರೆ ನೂರಕ್ಕೆ ಮೂವರಿಗೂ ಕಡಿಮೆ, ಗುಂಪು ಗುಂಪುಗಳ ನಡುವೆ ಗಣನೀಯ ಭೇದವೇನೂ ಇಲ್ಲ. ಕಾದು ನೋಡುವುದೂ ಒಂದು ಚಿಕಿತ್ಸೆಯೆಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಆದರೆ ಕಾಯಬಹುದಾದವನು ಯಾರು, ಕಾಯಬಾರದವನು ಯಾರು?

ಅದನ್ನು ಹೇಳಲು ವೈದ್ಯರ ಕೈಯಲ್ಲಿ ಬಹುಕಾಲ ಇದ್ದುದು ಒಂದು ಗಾಜಿನ ಪಟ್ಟಿ ಮಾತ್ರ. ಸೂಜಿಯಿಂದ ಗ್ರಂಥಿಯ ಹತ್ತು ಹನ್ನೆರಡು ಕಡೆಗಳಿಂದ ಎಳೆಯಂತಹ ತುಣುಕುಗಳನ್ನು ತೆಗೆದು, ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ಎಷ್ಟೋ ಪಾಲು ತೆಳುವಾಗಿ ಕೊಯ್ದು ಗಾಜಿನ ಮೇಲೆ ಹರಡುತ್ತಾರೆ. ಬಣ್ಣವಿಲ್ಲದೆ ಅದರಲ್ಲಿ ಏನೂ ಕಾಣಿಸದು. ಜೀವಕೋಶದ ನಡುವಣ ಬೀಜವನ್ನು ನೀಲಿನೇರಿಳೆಗೆ ತಿರುಗಿಸುವ ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವಂತಹುದು, ಹಿಂದೆ ಬಟ್ಟೆಗೆ ಹಾಕುತ್ತಿದ್ದ ಬಣ್ಣ. ಉಳಿದ ಭಾಗಕ್ಕೆ ಗುಲಾಬಿ ಛಾಯೆ ಕೊಡುವ ಇಯೋಸಿನ್ ಕೂಡ ಹತ್ತೊಂಬತ್ತನೆಯ ಶತಮಾನದ ಬಣ್ಣದ ಕಾರ್ಖಾನೆಗಳ ಕೂಸು. ಬಣ್ಣವನ್ನೇ ಅನ್ನವಾಗಿ ಉಣ್ಣುವ ತಿರುಪ್ಪೂರಿನ ಜನ ತಿಳಿದರೆ ಸಂತೋಷಪಟ್ಟಾರು. ಹೀಗೆ ಬಣ್ಣವೇರಿದ ಪಟ್ಟಿಯಲ್ಲಿ ಗ್ರಂಥಿಯ ಸಣ್ಣ ಸಣ್ಣ ಕುಹರಗಳು ದುಂಡಗೆ, ಬಿಡಿಬಿಡಿಯಾಗಿ, ಕ್ರಮದಿಂದ ಇವೆಯೇ, ಅಥವಾ ಒಂದರೊಳಗೊಂದು ಕಲೆತು ಕುಲಗೆಟ್ಟಿವೆಯೇ ಎಂದು ನೋಡಿ ಅಂಕ ಹಾಕುವ ಕ್ರಮವನ್ನು 1966ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ನ ಡೊನಾಲ್ಡ್ ಗ್ಲೀಸನ್ ರೂಪಿಸಿದನು. ಇಂದಿಗೂ ಕೊಯಮತ್ತೂರಿನಿಂದ ಹಿಡಿದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರೆಗೆ ಪ್ರತಿ ಬಯಾಪ್ಸಿ ವರದಿಯಲ್ಲೂ ಗ್ಲೀಸನ್ ಅಂಕವಿರುತ್ತದೆ. ಆದರೂ ಕಣ್ಣಿಗೆ ಒಂದೇ ಬಗೆಯಾಗಿ ಕಂಡ ಎರಡು ಗಂಟುಗಳು ಹತ್ತು ವರ್ಷಗಳ ಬಳಿಕ ಬೇರೆ ಬೇರೆ ದಾರಿ ಹಿಡಿಯುವುದುಂಟು. ರೂಪದ ಹಿಂದಿರುವ ಗುಣವನ್ನು ಅರಿಯಬೇಕಾಗಿತ್ತು.

ಮಿಷಿಗನ್‌ನಲ್ಲಿ ಅರುಳ್ ಚಿನ್ನಯ್ಯನ್ ಅವರ ಪ್ರಯೋಗಶಾಲೆಯಲ್ಲಿ ನಡೆದುದು ಈ ಗುಣದ ಅನ್ವೇಷಣೆ. ಸಾವಿರಾರು ವಂಶವಾಹಿಗಳಲ್ಲಿ ಯಾವುವು ಹೆಚ್ಚು ದುಡಿಯುತ್ತಿವೆ, ಯಾವುವು ಮೂಕವಾಗಿವೆ ಎಂಬುದನ್ನು ಒಂದೇ ಬಾರಿಗೆ ಅಳೆಯುವ ಉಪಕರಣ ಆಗತಾನೆ ಕೈಗೆ ಬಂದಿತ್ತು. ಮೃತ್ಯುವಿನ ಬಳಿಕ ತಮ್ಮ ದೇಹವನ್ನು ತಡಮಾಡದೆ ಪರೀಕ್ಷಿಸಲು ಬದುಕಿರುವಾಗಲೇ ಒಪ್ಪಿಗೆ ಕೊಟ್ಟ ರೋಗಿಗಳ ಔದಾರ್ಯದಿಂದ, ಎಲುಬಿಗೂ ಯಕೃತ್ತಿಗೂ ಹಬ್ಬಿದ ರೋಗದ ತಾಜಾ ತುಣುಕುಗಳು ಅವರಿಗೆ ಲಭ್ಯವಾಗಿದ್ದವು. ಆ ದಾನಿಗಳ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ಆದರೆ ಅವರಿಲ್ಲದೆ ಮುಂದಿನ ಯಾವ ಮಾತೂ ಸಾಧ್ಯವಿರಲಿಲ್ಲ ಎಂಬುದನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಗ್ರಂಥಿಯೊಳಗೇ ಉಳಿದ ರೋಗವನ್ನೂ ಹಬ್ಬಿದ ರೋಗವನ್ನೂ ಹೋಲಿಸಿ ನೋಡಿದಾಗ, ಹಬ್ಬಿದ ರೋಗದಲ್ಲಿ ಎದ್ದು ಕಂಡ ವಂಶವಾಹಿ ಇಝಡ್‌ಎಚ್2. ಇದನ್ನು ಸಾರಿದ ಪ್ರಬಂಧ 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಮೊದಲ ಲೇಖಕರು ವಾರಂಬಳ್ಳಿಯವರು. ಗ್ರಂಥಿಯೊಳಗೇ ಇರುವ ರೋಗದಲ್ಲಿಯೂ ಈ ವಂಶವಾಹಿಯ ಪ್ರೋಟೀನಿನ ಪ್ರಮಾಣ ಹೆಚ್ಚಾಗಿದ್ದವರಿಗೆ ಮುಂದೆ ರೋಗ ಮರುಕಳಿಸುವ ಸಂಭವ ಹೆಚ್ಚೆಂದೂ, ಜೀವಕೋಶಗಳಲ್ಲಿ ಅದನ್ನು ಅಡಗಿಸಿದರೆ ಅವುಗಳ ಬೆಳವಣಿಗೆ ಕುಗ್ಗುವುದೆಂದೂ ಅವರು ತೋರಿಸಿದರು.

ಈ ವಂಶವಾಹಿಯನ್ನು ಅರಿತ ಕಥೆಯ ಮೂಲ ಹಣ್ಣಿನ ನೊಣದಲ್ಲಿದೆ ಎಂದರೆ ಓದುಗರು ಆಶ್ಚರ್ಯಪಟ್ಟಾರು. ಗಂಡು ನೊಣದ ಮುಂಗಾಲುಗಳಲ್ಲಿ ಮಾತ್ರ ಇರಬೇಕಾದ ಬಾಚಣಿಗೆಯಂತಹ ಬಿರುಗೂದಲ ಸಾಲು ಹಿಂಗಾಲುಗಳಲ್ಲೂ ಮೂಡಿದ ವಿಕೃತ ತಳಿಯೊಂದನ್ನು 1947ರಲ್ಲಿ ಪಮೇಲಾ ಲೂಯಿಸ್ ಎಂಬಾಕೆ ಗುರುತಿಸಿದರು. ಯಾವ ಅಂಗದಲ್ಲಿ ಯಾವ ವಂಶವಾಹಿ ಮೌನವಾಗಿರಬೇಕು ಎಂಬುದನ್ನು ಕಾಯುವ ಪ್ರೋಟೀನುಗಳ ಒಂದು ಬಳಗವೇ ಉಂಟೆಂಬುದು ಅಲ್ಲಿಂದ ಕ್ರಮೇಣ ಬೆಳಕಿಗೆ ಬಂತು. ಇಝಡ್‌ಎಚ್2 ಆ ಬಳಗಕ್ಕೆ ಸೇರಿದುದು. ನೊಣದ ಕಾಲಿನ ಕೂದಲನ್ನು ಎಣಿಸಿದ ಜ್ಞಾನ ಅರ್ಧ ಶತಮಾನದ ಮೇಲೆ ಮುದುಕರ ರೋಗಕ್ಕೆ ದೀಪ ಹಿಡಿಯಿತು.

ಇಝಡ್‌ಎಚ್2 ಮಾಡುವ ಕೆಲಸವೇನೆಂಬುದು ನನಗೆ ಸ್ಪಷ್ಟವಾದುದು ಕೊಯಮತ್ತೂರು ಸೀಮೆಯ ಸಿರುಮುಗೈಯ ಒಂದು ನೇಕಾರರ ಮನೆಯಲ್ಲಿ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ರೇಷ್ಮೆ ಸೀರೆಯ ಸೆರಗನ್ನು ನೆಯ್ಯುತ್ತಿದ್ದ ಆ ಮನೆಯ ಹಿರಿಯರ ನೆತ್ತಿಯ ಮೇಲೆ ಜಕಾರ್ಡ್ ಯಂತ್ರ ತೂಗುತ್ತಿತ್ತು. ತೂತು ಹೊಡೆದ ರಟ್ಟುಗಳ ಮಾಲೆ ಒಂದೊಂದು ಮೆಟ್ಟಿಗೂ ಒಂದೊಂದರಂತೆ ಮುಂದೆ ಸರಿಯುತ್ತಿತ್ತು. ಹಾಸಿನ ಎಳೆಗಳು ಸೀರೆಯುದ್ದಕ್ಕೂ ಅವೇ. ತೂತಿರುವೆಡೆ ಎಳೆ ಏಳುತ್ತದೆ, ತೂತು ಮುಚ್ಚಿದೆಡೆ ಎಳೆ ಕೆಳಗೇ ಉಳಿಯುತ್ತದೆ, ಚಿತ್ತಾರ ಹುಟ್ಟುವುದು ಅದರಿಂದ. ನಮ್ಮ ಜೀವಕೋಶಗಳಲ್ಲಿಯೂ ವಂಶವಾಹಿಗಳ ಎಳೆ ಎಲ್ಲೆಲ್ಲೂ ಅದೇ. ಯಾವುದು ಏಳಬೇಕು, ಯಾವುದು ಏಳಬಾರದು ಎಂಬ ಗುರುತುಗಳನ್ನು, ಆ ಎಳೆ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನಿನ ಮೇಲೆ ಒತ್ತುವುದು ಇಝಡ್‌ಎಚ್2. ಅದು ಅಳತೆ ಮೀರಿ ಹೆಚ್ಚಿದಾಗ, ಏಳಲೇಬೇಕಾದ ಎಳೆಗಳ ತೂತುಗಳೂ ಮುಚ್ಚಿಹೋಗುತ್ತವೆ. ಜೀವಕೋಶವನ್ನು ನೆರೆಯ ಜೀವಕೋಶಕ್ಕೆ ಅಂಟಿಸಿ ನಿಲ್ಲಿಸುವ ಪ್ರೋಟೀನು, ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನು, ಇಂತಹವು ಹೀಗೆ ಮೂಕವಾದವೆಂದರೆ ಕೋಶ ತನ್ನ ನೆಲೆಯನ್ನು ಬಿಟ್ಟು ಹೊರಡುತ್ತದೆ. ಹೀಗೆ ಮೂಕವಾದ ವಂಶವಾಹಿಗಳ ಬರಹ ಒಂದಕ್ಷರವೂ ಕೆಟ್ಟಿಲ್ಲ. ಕೆಟ್ಟಿರುವುದು ಅದನ್ನು ಓದುವ ಕ್ರಮ.

ಆ ಹಿರಿಯರ ಪಕ್ಕದಲ್ಲಿ ಹಿತ್ತಾಳೆಯ ಚೆಂಬೊಂದಿತ್ತು, ಬರಿದಾಗಿ. ಮಗ್ಗದ ಕುಣಿಯಿಂದ ಮೇಲೆದ್ದು ಹಿತ್ತಲಿಗೆ ಹೋಗಿಬರುವುದು ಗಳಿಗೆಗಳಿಗೆಗೂ ಆಗುವ ಕೆಲಸವಲ್ಲವಾದ ಕಾರಣ ಅವರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಊರಿಂದ ಬಂದಿದ್ದ ಅವರ ಅಕ್ಕನ ಮಗ ಅದನ್ನು ಗಮನಿಸಿ, “ಎಷ್ಟು ದಿನ ಹೀಗೆ ನೀರಿಲ್ಲದೆ ಕೂರ್ತೀರಿ ಮಾವ, ಒಂದ್ಸಲ ಡಾಕ್ಟರಿಗೆ ತೋರಿಸಿ” ಎಂದನು. “ಅದೆಲ್ಲ ವಯಸ್ಸಾದ್ಮೇಲೆ ಇದ್ದದ್ದೇ ಕಣಪ್ಪ, ನಮ್ಮಪ್ಪಂಗೂ ಹೀಗೇ ಇತ್ತು” ಎಂದು ಅವರು ಲಾಳಿಯನ್ನು ಎಸೆದರು. ಮುಂದೆ ಅವನ ಒತ್ತಾಯಕ್ಕೆ ಕೊಯಮತ್ತೂರಿಗೆ ಹೋಗಿ ತೋರಿಸಿದಾಗ ಅದು ಗ್ರಂಥಿಯ ಬರಿಯ ಹಿಗ್ಗುವಿಕೆಯೆಂದು ತಿಳಿಯಿತು. ರಾತ್ರಿ ಒಂದು ಮಾತ್ರೆಯಿಂದ ಅವರ ನಿದ್ದೆ ಮರಳಿತು. ಆದರೆ “ನಮ್ಮಪ್ಪಂಗೂ ಹೀಗೇ ಇತ್ತು” ಎಂಬ ಮಾತು ನಿರ್ಲಕ್ಷಿಸತಕ್ಕುದಲ್ಲ. ಒಬ್ಬ ಗಂಡಸಿನ ತಂದೆಗಾಗಲಿ ಒಡಹುಟ್ಟಿದವನಿಗಾಗಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಆತನಿಗೂ ಬರುವ ಸಂಭವ ಇಮ್ಮಡಿಯಾಗುತ್ತದೆ. ತಂದೆ ಏನಾಗಿ ತೀರಿಕೊಂಡರೆಂಬುದನ್ನು ತಿಳಿಯದ ಮನೆಗಳು ನಮ್ಮಲ್ಲಿ ಹೇರಳ.

ಮತ್ತೆ ಸಂಶೋಧನೆಗೆ ಬರೋಣ. ಇಝಡ್‌ಎಚ್2 ಏತಕ್ಕೆ ಹೀಗೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ 2008ರಲ್ಲಿ ಸಿಕ್ಕಿತು. ಸೈನ್ಸ್ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದ ಮೊದಲ ಲೇಖಕರೂ ವಾರಂಬಳ್ಳಿಯವರೇ. ಜೀವಕೋಶದಲ್ಲಿ ಪ್ರೋಟೀನುಗಳ ತಯಾರಿಕೆಯನ್ನು ಹದದಲ್ಲಿಡುವ ಮೈಕ್ರೋ ಆರ್‌ಎನ್‌ಎ ಎಂಬ ಕಿರುತುಣುಕುಗಳುಂಟು. ಅವುಗಳ ಆವಿಷ್ಕಾರಕ್ಕೆ 2024ರ ನೊಬೆಲ್ ಪಾರಿತೋಷಕ ಸಂದಿತು. ಅವುಗಳಲ್ಲಿ 101 ಎಂಬ ಸಂಖ್ಯೆಯದು ಇಝಡ್‌ಎಚ್2ವನ್ನು ಅಂಕೆಯಲ್ಲಿಡುವಂತಹುದು. ಗ್ರಂಥಿಯೊಳಗಿನ ರೋಗದ 16 ಮಾದರಿಗಳಲ್ಲಿ 6ರಲ್ಲಿಯೂ, ಹಬ್ಬಿದ ರೋಗದ 33 ಮಾದರಿಗಳಲ್ಲಿ 22ರಲ್ಲಿಯೂ ಈ ಕಾವಲುಗಾರನನ್ನು ಹೊತ್ತ ವರ್ಣತಂತುವಿನ ಭಾಗವೇ ಕಳೆದುಹೋಗಿತ್ತು. ಮಾದರಿಗಳ ಸಂಖ್ಯೆ ಸಣ್ಣದು, ನಿಜ. ಆದರೆ ಕಾರ್ಯದಿಂದ ಕಾರಣಕ್ಕೆ ಒಂದು ಹೆಜ್ಜೆ ಹಿಂದಕ್ಕೆ ನಡೆದು ನೋಡಿದ ಈ ಪ್ರಬಂಧ ಇವರ ಬರಹಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದುದು.

ಇದರ ನಡುವೆ, 2005ರಲ್ಲಿ, ಅದೇ ತಂಡ ಇನ್ನೊಂದು ಮಹತ್ತ್ವದ ಸಂಗತಿಯನ್ನು ಪ್ರಕಟಿಸಿತ್ತು. ಸ್ಕಾಟ್ ಟಾಮ್ಲಿನ್ಸ್ ಮೊದಲ ಲೇಖಕರಾಗಿದ್ದ ಆ ಪ್ರಬಂಧದ ಲೇಖಕರ ಸಾಲಿನಲ್ಲಿಯೂ ವಾರಂಬಳ್ಳಿಯವರ ಹೆಸರಿದೆ. ಇಪ್ಪತ್ತೊಂದನೆಯ ವರ್ಣತಂತುವಿನಲ್ಲಿ ಸುಮಾರು 30 ಲಕ್ಷ ಅಕ್ಷರಗಳ ಅಂತರದಲ್ಲಿರುವ ಎರಡು ವಂಶವಾಹಿಗಳು ನಡುವಣ ಭಾಗವನ್ನು ಕಳೆದುಕೊಂಡು ಬೆಸೆದುಕೊಳ್ಳುತ್ತವೆ. ಒಂದು ಟಿಎಂಪಿಆರ್‌ಎಸ್‌ಎಸ್2, ಪುರುಷಹಾರ್ಮೋನಿನ ಕರೆಗೆ ಓಗೊಡುವಂತಹುದು. ಇನ್ನೊಂದು ಇಆರ್‌ಜಿ, ಬೆಳವಣಿಗೆಗೆ ಕುಮ್ಮಕ್ಕು ಕೊಡುವಂತಹುದು. ಬೆಸುಗೆಯಾದ ಮೇಲೆ ಹಾರ್ಮೋನು ಕರೆದಾಗಲೆಲ್ಲ ಏಳುವುದು ಇಆರ್‌ಜಿ. ಹಗಿನ್ಸನು ಹಾಸಿಗೆಯ ಬದಿಯಲ್ಲಿ ಕಂಡುದಕ್ಕೆ ವಂಶವಾಹಿಯ ಮಟ್ಟದಲ್ಲಿ ಒಂದು ವಿವರಣೆ ಹೀಗೆ ದೊರಕಿತು. ಐರೋಪ್ಯ ಮೂಲದ ರೋಗಿಗಳಲ್ಲಿ ಅರ್ಧದಷ್ಟು ಮಂದಿಯಲ್ಲಿ ಈ ಬೆಸುಗೆ ಕಾಣುತ್ತದೆ, ಏಷ್ಯದವರಲ್ಲಿ ಅದಕ್ಕಿಂತ ಕಡಿಮೆ. ನಮ್ಮವರ ರೋಗವನ್ನು ನಮ್ಮಲ್ಲಿಯೇ ಅಧ್ಯಯನ ಮಾಡಬೇಕೆಂಬುದಕ್ಕೆ ಇದೊಂದೇ ಸಾಕು. ಅದೇ ಮಿಷಿಗನ್ ತಂಡದಲ್ಲಿ ಪಳಗಿ ಕಾನ್ಪುರದ ಐಐಟಿಗೆ ಬಂದು, ಸ್ಪಿಂಕ್1 ಎಂಬ ಪ್ರೋಟೀನು ಹೆಚ್ಚಾಗಿರುವ ಬೇರೊಂದು ಬಗೆಯ ಪ್ರಾಸ್ಟೇಟ್ ಕ್ಯಾನ್ಸರನ್ನು ಅಭ್ಯಸಿಸಿ 2020ರ ಭಟ್ನಾಗರ್ ಪ್ರಶಸ್ತಿ ಪಡೆದ ಬುಶ್ರಾ ಅತೀಕ್ ಅವರ ಕೆಲಸವನ್ನು ಇಲ್ಲಿ ನೆನೆಯಬೇಕು. ಟಿಎಂಪಿಆರ್‌ಎಸ್‌ಎಸ್2 ಎಂಬ ಹೆಸರು 2020ರಲ್ಲಿ ಮತ್ತೆ ಕೇಳಿಬಂದುದು ಬೇರೊಂದು ಪ್ರಸಂಗದಲ್ಲಿ: ಕೊರೋನಾ ವೈರಸ್ ಜೀವಕೋಶದೊಳಗೆ ನುಗ್ಗಲು ನೆರವಾಗುವ ಪ್ರೋಟೀನೂ ಅದೇ.

ಅಚ್ಚಾದುದೆಲ್ಲ ಸ್ಥಿರಸತ್ಯವಲ್ಲ ಎಂಬುದಕ್ಕೂ ಅದೇ ಮಿಷಿಗನ್ ಪ್ರಯೋಗಶಾಲೆ ಸಾಕ್ಷಿ. ಸಾರ್ಕೊಸಿನ್ ಎಂಬ ರಾಸಾಯನಿಕವನ್ನು ಮೂತ್ರದಲ್ಲಿ ಅಳೆದು ಕೆರಳುವ ಕ್ಯಾನ್ಸರನ್ನು ಗುರುತಿಸಬಹುದೆಂಬ ಆಸೆಯನ್ನು 2009ರ ಪ್ರಬಂಧವೊಂದು ಹುಟ್ಟಿಸಿತು. ಬೇರೆ ಕಡೆಯವರು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಇಝಡ್‌ಎಚ್2ವಿನ ಕಥೆಯೂ ನೇರವಾಗಿ ಸಾಗಲಿಲ್ಲ. ಹಾರ್ಮೋನಿನ ಹಂಗು ತೊರೆದ ರೋಗದಲ್ಲಿ ಅದು ವಂಶವಾಹಿಗಳನ್ನು ಮೂಕಗೊಳಿಸುವುದಷ್ಟೇ ಅಲ್ಲ, ಕೆಲವನ್ನು ಎಬ್ಬಿಸುವ ಕೆಲಸವನ್ನೂ ಮಾಡುತ್ತದೆಂದು 2012ರಲ್ಲಿ ಬಾಸ್ಟನ್ನಿನ ತಂಡವೊಂದು ತೋರಿಸಿತು. ಒಂದು ಪ್ರೋಟೀನಿಗೆ ಎರಡು ಮುಖ. ಒಂದನ್ನು ತಡೆಯುವ ಔಷಧ ಇನ್ನೊಂದನ್ನು ತಡೆದೀತೆಂಬ ಭರವಸೆಯಿಲ್ಲ.

ವಾರಂಬಳ್ಳಿಯವರ ಇನ್ನೊಂದು ಕೊಡುಗೆ ಕೊಯಮತ್ತೂರಿನಂತಹ ಊರಿಗೆ ನೇರವಾಗಿ ಸಲ್ಲುವಂತಹುದು. ಅಮೆರಿಕದ ಸರಕಾರ ಸಾವಿರಾರು ರೋಗಿಗಳ ಗಂಟುಗಳಿಂದ ಸಂಗ್ರಹಿಸಿದ ವಂಶವಾಹಿ ಮಾಹಿತಿ ಸಾರ್ವಜನಿಕವಾಗಿದ್ದರೂ ಅದನ್ನು ಜಾಲಿಸಿ ನೋಡುವ ಗಣಕವಿದ್ಯೆ ಎಲ್ಲರಲ್ಲಿಯೂ ಇರಲಿಲ್ಲ. ಹೆಸರಿನ ನಡುವೆ ನಮ್ಮ ಶಿವಮೊಗ್ಗವನ್ನು ಇರಿಸಿಕೊಂಡಿರುವ ದರ್ಶನ್ ಚಂದ್ರಶೇಖರ್ ಮೊದಲ ಲೇಖಕರಾಗಿ, ವಾರಂಬಳ್ಳಿಯವರ ತಂಡ 2017ರಲ್ಲಿ ಯುಆಲ್ಕನ್ ಎಂಬ ಸಾಧನವನ್ನು ಪ್ರಕಟಿಸಿತು. ಒಂದು ವಂಶವಾಹಿಯ ಹೆಸರು ಕೊಟ್ಟರೆ, ಅದು ಯಾವ ಕ್ಯಾನ್ಸರಿನಲ್ಲಿ ಎಷ್ಟು ದುಡಿಯುತ್ತಿದೆ, ಗ್ಲೀಸನ್ ಅಂಕ ಏರಿದಂತೆ ಅದೂ ಏರುತ್ತದೆಯೆ, ಹೆಚ್ಚಿದ್ದವರು ಎಷ್ಟು ಕಾಲ ಬದುಕಿದರು ಎಂಬುದನ್ನು ಅದು ಚಿತ್ರ ಬರೆದು ಮುಂದಿಡುತ್ತದೆ, ಶುಲ್ಕವಿಲ್ಲ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಕೋಟಿ ರೂಪಾಯಿಯ ಯಂತ್ರವಿಲ್ಲದೆಯೇ ತನ್ನ ಊಹೆಯೊಂದನ್ನು ಸಂಜೆಯೊಳಗೆ ಪರೀಕ್ಷಿಸಿ ನೋಡಬಹುದು. ಜ್ಞಾನವನ್ನು ಹೀಗೆ ಬಾಗಿಲು ತೆರೆದಿಡುವುದನ್ನು ನಾನು ಪ್ರಬಂಧ ಬರೆಯುವುದಕ್ಕಿಂತ ಕಿರಿದಾದ ಕೆಲಸವೆಂದು ಎಣಿಸಲಾರೆ. ಆದರೆ ಆ ಭಂಡಾರದಲ್ಲಿರುವ ಗಂಟುಗಳು ಬಹುಪಾಲು ಅಮೆರಿಕದ ರೋಗಿಗಳವು ಎಂಬುದನ್ನು ಮರೆಯಲಾಗದು.

ತಿರುಪ್ಪೂರಿನವರು ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರಿಸಬೇಕು. ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳೆನೀರು ನೊಯ್ಯಲ್ ನದಿಯನ್ನು ಕೆಡಿಸಿತೆಂದು ಮದರಾಸು ಉಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ ಆ ಘಟಕಗಳನ್ನು ಮುಚ್ಚಿಸಿತು; ಅಂದಿನಿಂದ, ಮೂತ್ರದ ಯಾವ ಕಾಯಿಲೆ ಬಂದರೂ ಬಣ್ಣದಿಂದಲೇ ಎಂಬ ಮಾತು ಅಲ್ಲಿ ಹಬ್ಬಿದೆ. ಬೆಂಜಿಡಿನ್ ಮೊದಲಾದ ರಾಸಾಯನಿಕಗಳಿಂದ ಮೂತ್ರಕೋಶದ ಕ್ಯಾನ್ಸರ್ ಬರುವುದೆಂಬುದು ನಿಶ್ಚಿತ; ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಅದನ್ನು ಜರ್ಮನಿಯ ಶಸ್ತ್ರವೈದ್ಯ ರೆಹನ್ 1895ರಷ್ಟು ಹಿಂದೆಯೇ ತೋರಿಸಿದ್ದನು. ಆದರೆ ಮೂತ್ರಕೋಶ ಬೇರೆ, ಪ್ರಾಸ್ಟೇಟ್ ಬೇರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಗಟ್ಟಿಯಾಗಿ ಸಿದ್ಧವಾಗಿರುವ ಕಾರಣಗಳು ವಯಸ್ಸು, ವಂಶ, ಆಫ್ರಿಕನ್ ಕುಲಮೂಲ, ಮತ್ತು ಬಿಆರ್‌ಸಿಎ2ರಂತಹ ಕೆಲವು ವಂಶವಾಹಿಗಳ ದೋಷ. ಮೂತ್ರದಲ್ಲಿ ರಕ್ತ ಕಂಡ ಬಣ್ಣದ ಕೆಲಸಗಾರ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹೋದಾಗ ತಾನು ಮಾಡುವ ಕೆಲಸವನ್ನೂ ಹೇಳಬೇಕು.

ನಮ್ಮಲ್ಲಿ ತಡವಾಗುವುದೇ ದೊಡ್ಡ ಕೇಡು. ಪಾಶ್ಚಾತ್ಯರ ಸಂಕಟ ಅತಿಯಾದ ಪತ್ತೆಯದಾದರೆ ನಮ್ಮದು ಪತ್ತೆಯೇ ಆಗದಿರುವುದು. ಪ್ರಾಸ್ಟೇಟಿನ ಸುತ್ತಣ ರಕ್ತನಾಳಗಳು ಬೆನ್ನುಮೂಳೆಯ ರಕ್ತನಾಳಗಳ ಜಾಲಕ್ಕೆ ಕೂಡಿಕೊಳ್ಳುತ್ತವೆ ಎಂಬುದನ್ನು 1940ರಲ್ಲಿ ಬ್ಯಾಟ್ಸನ್ ಎಂಬಾತ ತೋರಿಸಿದನು. ಹಬ್ಬುವ ರೋಗ ಮೊದಲು ಬೆನ್ನಿನ, ಸೊಂಟದ ಎಲುಬುಗಳನ್ನು ಹಿಡಿಯುವುದಕ್ಕೆ ಇದೂ ಒಂದು ಕಾರಣವೆಂದು ಎಣಿಸಲಾಗಿದೆ. ಮಗ್ಗದಲ್ಲಿ ಬಾಗಿ ದುಡಿದವನಿಗೆ ಸೊಂಟನೋವು ಹೊಸತಲ್ಲವಲ್ಲ. ಎಣ್ಣೆ ಹಚ್ಚಿಸಿಕೊಂಡು, ಪಟ್ಟು ಹಾಕಿಸಿಕೊಂಡು, ನೋವಿನ ಮಾತ್ರೆ ನುಂಗಿ ತಿಂಗಳುಗಟ್ಟಲೆ ಕಳೆದ ಮೇಲೆ ಕಾಲಿನ ಬಲ ಕುಂದಿದಾಗ ಆಸ್ಪತ್ರೆಗೆ ಬರುವವರಲ್ಲಿ ಪಿಎಸ್‌ಎ ನೂರಾರರ ಮಟ್ಟಕ್ಕೆ ಏರಿರುತ್ತದೆ. ಆಗಲೂ ಚಿಕಿತ್ಸೆಯಿಲ್ಲವೆಂದಲ್ಲ: ಹಗಿನ್ಸನು ತೋರಿಸಿದ ದಾರಿ ಇದೆ, ಅದಕ್ಕೆ ಬದಲಾಗಿ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ನುಗಳಿವೆ, 2011ರಿಂದೀಚೆಗೆ ಅಬಿರಾಟೆರೋನ್, ಎಂಜಾಲುಟಮೈಡ್ ಎಂಬ ಮಾತ್ರೆಗಳೂ ಬಂದಿವೆ, ಅವು ಹಲವರಿಗೆ ವರ್ಷಗಳ ಬದುಕನ್ನು ಕೊಟ್ಟಿವೆ. ತಮಿಳುನಾಡು ಸರಕಾರದ ಮುಖ್ಯಮಂತ್ರಿಗಳ ವಿಮೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ನೇಕಾರರ ಮನೆಯವರು ಆ ಕಾರ್ಡನ್ನು ಮಾಡಿಸಿಟ್ಟುಕೊಳ್ಳುವುದು ಒಳಿತು.

ಇಝಡ್‌ಎಚ್2ವನ್ನು ತಡೆಯುವ ಮೊದಲ ಔಷಧಕ್ಕೆ, ಟಾಜೆಮೆಟೊಸ್ಟಾಟ್ ಎಂಬುದಕ್ಕೆ, 2020ರ ಜನವರಿಯಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿತು. ಆದರೆ ಅದು ಪ್ರಾಸ್ಟೇಟಿಗಲ್ಲ, ಮೃದು ಅಂಗಾಂಶಗಳ ಒಂದು ವಿರಳ ಕ್ಯಾನ್ಸರಿಗೆ. ಪ್ರಾಸ್ಟೇಟಿಗಾಗಿ ಮೆವ್ರೊಮೆಟೊಸ್ಟಾಟ್ ಎಂಬ ಅದೇ ಬಗೆಯ ಇನ್ನೊಂದು ಔಷಧವನ್ನು ಎಂಜಾಲುಟಮೈಡಿನೊಡನೆ ಕೂಡಿಸಿ ಕೊಡುವ ಪ್ರಯೋಗಗಳು ಮೂರನೆಯ ಹಂತಕ್ಕೆ ಏರಿವೆ. 2002ರ ಪ್ರಬಂಧದಿಂದ ಇಲ್ಲಿಗೆ ಎರಡು ದಶಕಗಳಿಗೂ ಮಿಕ್ಕ ಹಾದಿ. ಸುಮ್ಮನಿರುವ ಗಂಟನ್ನು ಕೆರಳುವ ಗಂಟಿನಿಂದ ಬೇರ್ಪಡಿಸಲು ಈ ಪ್ರೋಟೀನನ್ನು ಅಳೆಯುವುದು ದಿನನಿತ್ಯದ ಪರೀಕ್ಷೆಯಾಗಿ ಇನ್ನೂ ಬಳಕೆಗೆ ಬಂದಿಲ್ಲ. ಕೊಯಮತ್ತೂರಿನ ರೋಗಿಯ ಕೈಗೆ ಬರುವ ವರದಿಯಲ್ಲಿ ಇಂದಿಗೂ ಇರುವುದು ಗ್ಲೀಸನ್ ಅಂಕವೂ, 1ರಿಂದ 5ರವರೆಗಿನ ಅದರ ಶ್ರೇಣಿಯೂ, ಪಿಎಸ್‌ಎ ಪ್ರಮಾಣವೂ, ರೋಗ ಗ್ರಂಥಿಯೊಳಗೆ ಇದೆಯೆ ಹೊರಗೆ ಹಬ್ಬಿದೆಯೆ ಎಂಬ ವಿವರವೂ. ಶ್ರೇಣಿ 1 ಎಂದಿದ್ದರೆ, ಕೂಡಲೆ ಶಸ್ತ್ರಚಿಕಿತ್ಸೆಗೆ ಒಪ್ಪುವುದಕ್ಕೆ ಮೊದಲು, ನಿಗಾದಲ್ಲಿದ್ದು ಕಾದು ನೋಡಬಹುದೇ ಎಂದು ಮನೆಯವರು ವೈದ್ಯರನ್ನು ಕೇಳಲಿ. 4 ಅಥವಾ 5 ಎಂದಿದ್ದರೆ, ಮಗ್ಗದ ಮೇಲಿನ ಸೀರೆ ಮುಗಿಯಲೆಂದು ಕಾಯದೆ, ಆ ವಾರವೇ ಚಿಕಿತ್ಸೆಯ ವಿಚಾರವನ್ನು ಗೊತ್ತುಮಾಡಿಕೊಳ್ಳಲಿ.